ಕೂಗಳತೆಯಿಂದ ಜಗದಗಲಕ್ಕೆ

ನಮ್ಮ ಹಳ್ಳಿಗಳಲ್ಲಿ ದೂರವನ್ನು ‘ಕೂಗಳತೆ’ಯಲ್ಲಿ ಹೇಳುತ್ತಿದ್ದರು. ಕೂಗಿದರೆ ಕೇಳುವಷ್ಟು ದೂರ ಎಂದರ್ಥ. ಮಕ್ಕಳೇ, ಈ ಪದವನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ನೀವು ಮ್ಯಾಂಚೆಸ್ಟರಿನಿಂದ ಲೀಡ್ಸ್‌ಗೆ ಎಂ62ರಲ್ಲಿ ಹೋಗಿರಬಹುದು. ಬೆಟ್ಟದ ಮೇಲೆ 372 ಮೀಟರ್ ಎತ್ತರಕ್ಕೇರುವ ಆ ರಸ್ತೆ ಇಂಗ್ಲೆಂಡಿನ ಅತಿ ಎತ್ತರದ ಮೋಟಾರ್‌ವೇ. ಅಲ್ಲಿಂದ ಇಳಿದು ಪೀಕ್ ಡಿಸ್ಟ್ರಿಕ್ಟ್‌ನ ಕಣಿವೆಗಳಲ್ಲಿ ನಡೆಯಲು ಹೊರಟರೆ ಕೆಲವು ಕಡೆ ಫೋನಿನಲ್ಲಿ ಸಿಗ್ನಲ್ ಇರುವುದಿಲ್ಲ. ಆಗ ‘ನಾನು ಇಲ್ಲಿದ್ದೇನೆ’ ಎಂದು ಮನೆಯವರಿಗೆ ತಿಳಿಸುವುದು ಹೇಗೆ?

ಹವ್ಯಾಸಿ ರೇಡಿಯೋದವರ ಬಳಿ ಇದಕ್ಕೊಂದು ಉಪಾಯವಿದೆ. ಅದರ ಹೆಸರು ಎಪಿಆರ್‌ಎಸ್. ಇದನ್ನು ರೂಪಿಸಿದವರು ಅಮೆರಿಕದ ನೌಕಾ ಅಕಾಡೆಮಿಯಲ್ಲಿದ್ದ ಬಾಬ್ ಬ್ರೂನಿಂಗಾ. ಚಿಕ್ಕ ರೇಡಿಯೋ ಒಂದು ಜಿಪಿಎಸ್‌ನಿಂದ ತಾನಿರುವ ಜಾಗ ತಿಳಿದುಕೊಂಡು, ಕೆಲವು ನಿಮಿಷಗಳಿಗೊಮ್ಮೆ ‘ಬರ್ರ್’ ಎಂದು ಒಂದು ಪುಟ್ಟ ಕೂಗು ಹಾಕುತ್ತದೆ. ಆ ಕೂಗಿನಲ್ಲಿ ಕರೆ ಸಂಕೇತ, ಅಕ್ಷಾಂಶ, ರೇಖಾಂಶ, ವೇಗ ಎಲ್ಲವೂ ಅಡಗಿರುತ್ತವೆ. ಬ್ರಿಟನ್ನಿನಲ್ಲಿ ಎಲ್ಲರೂ ಕೂಗುವುದು 144.800 ಮೆಗಾಹರ್ಟ್ಸ್‌ನಲ್ಲಿ. ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡಬರಬಾರದೆಂದೇ ಕೂಗು ಅಷ್ಟು ಚಿಕ್ಕದು.

ಬೆಟ್ಟದ ಮೇಲಿನ ಕೇಂದ್ರವೊಂದು ಅದನ್ನು ಕೇಳಿಸಿಕೊಂಡು ಮತ್ತೊಮ್ಮೆ ಕೂಗುತ್ತದೆ. ಯಾರದೋ ಮನೆಯ ಮಾಡಿನ ಮೇಲಿನ ಆಂಟೆನಾ ಅದನ್ನು ಹಿಡಿದು ಇಂಟರ್ನೆಟ್ಟಿಗೆ ದಾಟಿಸುತ್ತದೆ. ಇಂಥ ಮನೆಯ ಕೇಂದ್ರಕ್ಕೆ ‘ಐಗೇಟ್’ ಎಂದು ಹೆಸರು. ಕೂಗಳತೆ ಅಲ್ಲಿಗೆ ಮುಗಿಯಿತು. ಮುಂದೆ ಬೆಂಗಳೂರಿನಲ್ಲಿರುವ ಅಜ್ಜಿಯೂ ನಕ್ಷೆಯಲ್ಲಿ ಆ ಚುಕ್ಕಿಯನ್ನು ನೋಡಬಹುದು! ಐಗೇಟ್ ನಡೆಸುವವರು ಹವ್ಯಾಸಿಗಳು. ವಿದ್ಯುತ್ತಿನ ಖರ್ಚೂ ಅವರದೇ.

ಇದರ ಶಕ್ತಿ ತಿಳಿಯಲು ನಮ್ಮ ಮಿಡ್‌ಲ್ಯಾಂಡ್ಸ್‌ನದೇ ಒಂದು ಕಥೆ ಕೇಳಿ. 2014ರ ಜುಲೈ 12ರಂದು ನಾರ್ಥಾಂಪ್ಟನ್‌ಶೈರಿನ ಸಿಲ್ವರ್‌ಸ್ಟನ್‌ನಿಂದ ಎಂಜಿನಿಯರ್ ಲಿಯೋ ಬೋಡ್ನಾರ್ ಒಂದು ಬಲೂನು ಹಾರಿಸಿದರು. ಹೆಸರು ಬಿ-64. ಅದು ಹೊತ್ತ ರೇಡಿಯೋ ಪೆಟ್ಟಿಗೆಯ ತೂಕ 11 ಗ್ರಾಂ, ಒಂದು ಪೌಂಡ್ ನಾಣ್ಯಕ್ಕಿಂತ ತುಸು ಹೆಚ್ಚು. ಅದರ ಶಕ್ತಿ ಒಂದು ವ್ಯಾಟ್‌ನ ನೂರನೇ ಒಂದು ಭಾಗ, ಅದೂ ಬಿಸಿಲಿನಿಂದ. ಆದರೆ 12 ಕಿಲೋಮೀಟರ್ ಎತ್ತರದಿಂದ ದಿಗಂತ ಸುಮಾರು 390 ಕಿಲೋಮೀಟರ್ ದೂರ. ಎತ್ತರದಿಂದ ಕೂಗಿದರೆ ಪಿಸುಮಾತೂ ಕೇಳುತ್ತದೆ!

ಆಗಿನ ಬ್ರಿಟಿಷ್ ಲೈಸೆನ್ಸ್ ಆಕಾಶದಿಂದ ಹವ್ಯಾಸಿ ರೇಡಿಯೋ ಬಳಸಲು ಬಿಡುತ್ತಿರಲಿಲ್ಲ. ಹಾಗಾಗಿ ಬಲೂನು ಇಲ್ಲಿ ಲೈಸೆನ್ಸ್ ಬೇಡದ ಬೇರೆ ತರಂಗದಲ್ಲಿ ಮಾತಾಡಿ, ದೂರದ ದೇಶಗಳ ಮೇಲೆ ಎಪಿಆರ್‌ಎಸ್‌ನಲ್ಲಿ ಕೂಗಿತು. ಸಾಗರದ ಮೇಲೆ ಕೇಳುವವರಿಲ್ಲದೆ ದಿನಗಟ್ಟಲೆ ಮೌನ. ನೆಲ ಬಂದಾಗ ಯಾರದೋ ಮನೆಯ ಐಗೇಟ್ ಅದನ್ನು ಮತ್ತೆ ಕೇಳಿಸಿಕೊಳ್ಳುತ್ತಿತ್ತು. ಜುಲೈ 31ಕ್ಕೆ, ಅಂದರೆ 19 ದಿನಗಳಲ್ಲಿ, ಭೂಮಿಗೆ ಒಂದು ಸುತ್ತು ಮುಗಿದಿತ್ತು.

ಪಾಲಕರಿಗೆ ಎರಡು ಮಾತು. ಈ ಕೂಗು ಗುಟ್ಟಲ್ಲ. ಜಗತ್ತಿನ ಯಾರು ಬೇಕಾದರೂ ನೋಡಬಹುದು, ಹಳೆಯ ದಾರಿಯೂ ಉಳಿದಿರುತ್ತದೆ. ಆದ್ದರಿಂದ ಮನೆ, ಶಾಲೆಗಳ ಹತ್ತಿರ ಇದನ್ನು ಬಂದ್ ಮಾಡುವುದು ಜಾಣತನ. ಇನ್ನೊಂದು, ಕೂಗನ್ನು ಯಾರಾದರೂ ಕೇಳಿಯೇ ಕೇಳುತ್ತಾರೆಂಬ ಖಾತರಿಯಿಲ್ಲ. ಬೆಟ್ಟಕ್ಕೆ ಹೊರಡುವ ಮುನ್ನ ದಾರಿ, ಮರಳುವ ಹೊತ್ತು ಮನೆಯವರಿಗೆ ಹೇಳಿಯೇ ಹೋಗಿ. ಅಪಾಯವಾದರೆ 999.

ಮಕ್ಕಳೇ, ನಿಮಗೂ ಕೂಗುವ ಆಸೆಯೇ? ಫೌಂಡೇಶನ್ ಪರೀಕ್ಷೆಗೆ ಕನಿಷ್ಠ ವಯಸ್ಸಿನ ಮಿತಿಯಿಲ್ಲ. 26 ಪ್ರಶ್ನೆಗಳು, ಎಲ್ಲವೂ ಸರಿಯುತ್ತರ ಆರಿಸುವಂಥವು. ಪಾಸಾದರೆ ಆಫ್‌ಕಾಮ್‌ನಿಂದ ನಿಮ್ಮದೇ ಕರೆ ಸಂಕೇತ. ಅಲ್ಲಿಯವರೆಗೆ ಅಪ್ಪ ಅಮ್ಮನ ಜೊತೆ ಕೂತು ಎಪಿಆರ್‌ಎಸ್ ನಕ್ಷೆಯಲ್ಲಿ ಬರ್ಮಿಂಗ್‌ಹ್ಯಾಮ್ ಹುಡುಕಿ. ಚಲಿಸುವ ಒಂದು ಚುಕ್ಕಿ ಆರಿಸಿ. ಅದರ ಕೂಗನ್ನು ಮೊದಲು ಕೇಳಿಸಿಕೊಂಡವರು ಎಲ್ಲಿದ್ದಾರೆ, ಅವರಿಗೆ ಅದು ಎಷ್ಟು ಮೈಲಿ ದೂರ ಎಂದು ಅಳೆಯಿರಿ. ಮುಂದಿನ ತರಗತಿಗೆ ಬಂದಾಗ ಆ ‘ಕೂಗಳತೆ’ ಎಷ್ಟಿತ್ತೆಂದು ಕನ್ನಡದಲ್ಲಿ ಹೇಳಿ!