ಲೀಡ್ ಯಾರು, ಫಾಲೋ ಯಾರು? ಜೋಡಿ ಡಾನ್ಸ್‌ನಲ್ಲಿ ಗಂಡು-ಹೆಣ್ಣಿನ ಲೆಕ್ಕ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ)



ಇವತ್ತಿನ ವಿಷಯ ಡಾನ್ಸ್. ರೀಲ್ಸ್‌ಗೆ ಮಾಡೋ ಡಾನ್ಸ್ ಅಲ್ಲ, ಸ್ಟೇಜ್ ಮೇಲೆ ಮಾಡೋದೂ ಅಲ್ಲ. ಸಾಲ್ಸಾ, ಬಚಾಟಾ, ಟ್ಯಾಂಗೋ ಥರ ಇಬ್ಬರು ಕೈ ಹಿಡಿದು ಮಾಡೋ ಸೋಶಿಯಲ್ ಡಾನ್ಸ್. ಇದರಲ್ಲಿ ಮೊದಲೇ ಕಲಿತು ಬಂದ ಕೊರಿಯಾಗ್ರಫಿ ಇರಲ್ಲ. ಹಾಡು ಶುರುವಾದ ಮೇಲೆ ಡಾನ್ಸ್ ಅಲ್ಲೇ ಹುಟ್ಟುತ್ತೆ. ಹೆಸರು ಕೂಡ ಗೊತ್ತಿಲ್ಲದವರ ಜೊತೆ ಒಂದು ಹಾಡು ಕುಣಿದು, ಥ್ಯಾಂಕ್ಸ್ ಹೇಳಿ ಬರಬಹುದು.

ಇದು ಹೇಗೆ ಸಾಧ್ಯ? ಒಬ್ಬರು ಲೀಡ್ ಮಾಡ್ತಾರೆ, ಇನ್ನೊಬ್ಬರು ಫಾಲೋ ಮಾಡ್ತಾರೆ. ಆದರೆ ಕ್ಲಾಸಿಗೆ ಹೋದ ಮೊದಲ ದಿನವೇ ಒಂದು ಮಾತು ಕೇಳಿಸುತ್ತೆ: "ಗಂಡಸರು ಈ ಕಡೆ, ಹೆಂಗಸರು ಆ ಕಡೆ." ಯಾರು ನಡೆಸಬೇಕು, ಯಾರು ನಡೀಬೇಕು ಅನ್ನೋದು ಅಲ್ಲಿಗೇ ತೀರ್ಮಾನ ಆಗಿಬಿಡುತ್ತೆ. ಯಾರೂ ನಮ್ಮನ್ನ ಕೇಳಲ್ಲ.

ನಾನು ಬೆಂಗಳೂರಲ್ಲಿ ಮೂರು ವರ್ಷದಿಂದ ಸಾಲ್ಸಾ ಮಾಡ್ತಿದ್ದೀನಿ. ಇವತ್ತು ಈ ವಿಷಯ ಎತ್ತೋಕೆ ಒಂದು ಕಾರಣ ಇದೆ. ಅದರಲ್ಲಿ ನನ್ನ ತಪ್ಪೂ ಇದೆ. ಅದನ್ನ ಆಮೇಲೆ ಹೇಳ್ತೀನಿ.

ಲೀಡ್ ಅಂದ್ರೆ ಎಳೆಯೋದಲ್ಲ

ಮೊದಲು ಇದರ ಲೆಕ್ಕ ಅರ್ಥ ಮಾಡ್ಕೊಳ್ಳೋಣ. ಸಾಲ್ಸಾಗೆ ಎಂಟು ಎಣಿಕೆ. ಒಂದು, ಎರಡು, ಮೂರಕ್ಕೆ ಹೆಜ್ಜೆ, ನಾಲ್ಕಕ್ಕೆ ವಿರಾಮ. ಐದು, ಆರು, ಏಳಕ್ಕೆ ಹೆಜ್ಜೆ, ಎಂಟಕ್ಕೆ ವಿರಾಮ. ಸಾಮಾನ್ಯವಾಗಿ ಕಲಿಸೋ 'ಆನ್ ವನ್' ಶೈಲಿಯಲ್ಲಿ ಲೀಡ್ ಎಡಗಾಲು ಮುಂದಿಟ್ಟರೆ, ಅದೇ ಎಣಿಕೆಗೆ ಫಾಲೋ ಬಲಗಾಲು ಹಿಂದಿಡ್ತಾರೆ. ಕನ್ನಡಿ ನೋಡಿದ ಹಾಗೆ.

ಲೀಡ್ ಮಾಡೋರು ತಮ್ಮ ಮೈಭಾರ ಯಾವ ಕಡೆ ಹೋಗ್ತಿದೆ ಅನ್ನೋದರಿಂದ ಸೂಚನೆ ಕೊಡ್ತಾರೆ. ಕೈ ಬರೀ ವೈರ್ ಇದ್ದ ಹಾಗೆ, ಸುದ್ದಿ ಮುಟ್ಟಿಸುತ್ತೆ ಅಷ್ಟೇ. ಕೈ ಎಳೆದು ತಿರುಗಿಸಿದರೆ ಎದುರಿನವರ ಭುಜ ನೋಯುತ್ತೆ, ಡಾನ್ಸ್ ಆಗಲ್ಲ. ಅಂದ್ರೆ ಲೀಡ್‌ಗೆ ಬೇಕಾಗಿರೋದು ತೋಳ್ಬಲ ಅಲ್ಲ. ಮುಂದಿನ ಹೆಜ್ಜೆ ಯೋಚಿಸಬೇಕು, ಪಕ್ಕದ ಜೋಡಿಗೆ ಡಿಕ್ಕಿ ಹೊಡೆಯದ ಹಾಗೆ ಜಾಗ ನೋಡ್ಕೋಬೇಕು.

ಇನ್ನು ಫಾಲೋ. ಇದು ಸ್ಕೂಟರ್ ಹಿಂದೆ ಕೂತು ಹೋದ ಹಾಗಲ್ಲ. ತನ್ನ ತೂಕ ತಾನೇ ಹೊರಬೇಕು, ಬಂದ ಸೂಚನೆಯನ್ನ ಅರೆಕ್ಷಣದಲ್ಲಿ ಓದಬೇಕು, ತನ್ನದೇ ರೀತಿಯಲ್ಲಿ ಉತ್ತರ ಕೊಡಬೇಕು. ಮುಂದೇನು ಬರುತ್ತೆ ಅಂತ ಊಹಿಸದೆ ಕಾಯೋದು ಇದೆಯಲ್ಲ, ಅದೇ ಕಷ್ಟ.

ಈ ಎರಡು ಕೆಲಸದಲ್ಲಿ ಯಾವುದಕ್ಕೆ ಗಂಡೇ ಆಗಬೇಕು, ಯಾವುದಕ್ಕೆ ಹೆಣ್ಣೇ ಆಗಬೇಕು? ಎತ್ತರದ ವ್ಯತ್ಯಾಸ ಇದ್ದರೆ ತಲೆ ಮೇಲಿಂದ ಕೈ ತಿರುಗಿಸೋದು ಸ್ವಲ್ಪ ಕಷ್ಟ ಆಗುತ್ತೆ, ನಿಜ. ಆದರೆ ಅದು ಎತ್ತರದ ಪ್ರಶ್ನೆ, ಲಿಂಗದ್ದಲ್ಲ.

ನಮ್ಮ ಕೋಲಾಟ ನೆನಪಿಸ್ಕೊಳ್ಳಿ. ಎದುರಿನವರ ಕೋಲಿಗೆ ಕೋಲು ತಾಗಿಸ್ತೀವಿ, ಮುಂದಿನವರ ಹತ್ರ ಹೋಗ್ತೀವಿ. ನಮ್ಮನ್ನ ನಡೆಸೋದು ಎದುರಿಗಿರೋ ವ್ಯಕ್ತಿ ಅಲ್ಲ, ತಾಳ. ಜೋಡಿಯಾಗಿ ಕುಣಿಯೋಕೆ ಒಬ್ಬ ಯಜಮಾನ ಬೇಕೇ ಬೇಕು ಅಂತೇನಿಲ್ಲ.

ಟ್ಯಾಂಗೋ ಹುಟ್ಟಿದ ಊರಲ್ಲಿ

"ಸಂಪ್ರದಾಯ ಹಾಗೇ ಇದೆ" ಅನ್ನೋರಿಗೆ ಟ್ಯಾಂಗೋ ಕಥೆ ಹೇಳಬೇಕು. 19ನೇ ಶತಮಾನದ ಕೊನೆಗೆ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಯುರೋಪಿನಿಂದ ಜನ ಹಡಗು ಹಡಗಾಗಿ ಬಂದರು. 1914ರ ಹೊತ್ತಿಗೆ ಊರಿನ ಸುಮಾರು ಅರ್ಧದಷ್ಟು ಜನ ಹೊರದೇಶದಲ್ಲಿ ಹುಟ್ಟಿದವರು. ಬಂದವರಲ್ಲಿ ಗಂಡಸರೇ ಜಾಸ್ತಿ. ಆ ಕಾಲದ ಫೋಟೋಗಳಲ್ಲಿ ಗಂಡಸರು ಗಂಡಸರ ಜೊತೆಗೇ ಟ್ಯಾಂಗೋ ಮಾಡ್ತಿರೋದು ಕಾಣುತ್ತೆ. ಹುಡುಗರು ಮೊದಲು ಫಾಲೋ ಮಾಡೋದನ್ನ ಕಲಿತು, ಆಮೇಲೆ ಲೀಡ್‌ಗೆ ಬರ್ತಿದ್ದರು ಅಂತ ಹಳೇ ತಲೆಮಾರಿನ ನರ್ತಕರು ಹೇಳ್ಕೊಂಡು ಬಂದಿದ್ದಾರೆ. ಅಂದ್ರೆ "ಟ್ಯಾಂಗೋದಲ್ಲಿ ಗಂಡಸು ಫಾಲೋ ಮಾಡಲ್ಲ" ಅನ್ನೋದು ಟ್ಯಾಂಗೋದ ಇತಿಹಾಸಕ್ಕೇ ಒಪ್ಪೋ ಮಾತಲ್ಲ.

ಆದರೆ ಮಿಲೋಂಗಾದಲ್ಲಿ, ಅಂದ್ರೆ ಟ್ಯಾಂಗೋ ಕೂಟದಲ್ಲಿ, ಬೇರೆ ಪದ್ಧತಿ ಬೇರೂರಿತು. ಗಂಡಸು ದೂರದಿಂದ ಕಣ್ಣು ಕೂಡಿಸಿ ತಲೆ ಆಡಿಸ್ತಾನೆ, ಇದಕ್ಕೆ ಕಬೆಸೆಯೋ ಅಂತಾರೆ. ಹೆಂಗಸು ಒಪ್ಪಿದರೆ ಕಣ್ಣಲ್ಲೇ ಹೂಂ ಅಂತಾಳೆ. ಇಷ್ಟ ಇಲ್ಲದಿದ್ದರೆ ಬೇರೆ ಕಡೆ ನೋಡಿದರಾಯ್ತು, ಯಾರ ಮುಖಭಂಗವೂ ಆಗಲ್ಲ. ಇದು ಒಳ್ಳೇ ಭಾಗ. ಆದರೆ ಎದ್ದು ಹೋಗಿ ಕೇಳೋ ಹಾಗಿಲ್ಲದ ಹೆಂಗಸು ರಾತ್ರಿಯೆಲ್ಲ ಕುರ್ಚಿಯಲ್ಲೇ ಕಾಯಬೇಕಾಗಬಹುದು. ಇದು ಇನ್ನೊಂದು ಭಾಗ.

2001ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮೊದಲ ಕ್ವೀರ್ ಟ್ಯಾಂಗೋ ಉತ್ಸವ ನಡೀತು. ಅಲ್ಲಿ ಯಾರು ಬೇಕಾದರೂ ಲೀಡ್, ಯಾರು ಬೇಕಾದರೂ ಫಾಲೋ. ಅದೇ ದಶಕದಲ್ಲಿ ಬ್ಯೂನಸ್ ಐರಿಸ್‌ನಲ್ಲೂ ಇಂಥ ಕೂಟಗಳು ಶುರುವಾದವು. 2013ರಲ್ಲಿ ಅಲ್ಲಿನ ವಿಶ್ವ ಟ್ಯಾಂಗೋ ಚಾಂಪಿಯನ್‌ಶಿಪ್‌ನಲ್ಲಿ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರ ಜೋಡಿಗೂ ಅವಕಾಶ ಸಿಕ್ಕಿತು.

ಬಾಲ್‌ರೂಮ್ ಡಾನ್ಸ್ ಲೋಕವೂ ನಿಧಾನಕ್ಕೆ ಬದಲಾಯಿತು. ಅಮೆರಿಕದ ನ್ಯಾಷನಲ್ ಡಾನ್ಸ್ ಕೌನ್ಸಿಲ್ 2019ರಲ್ಲಿ ಜೋಡಿ ಅಂದ್ರೆ 'ಒಬ್ಬ ಲೀಡರ್, ಒಬ್ಬ ಫಾಲೋವರ್' ಅಂತ ನಿಯಮ ಬದಲಿಸಿತು, ಗಂಡು ಹೆಣ್ಣು ಅನ್ನೋ ಷರತ್ತು ತೆಗೀತು. ಬ್ರಿಟನ್ನಿನ 'ಸ್ಟ್ರಿಕ್ಟ್ಲಿ ಕಮ್ ಡಾನ್ಸಿಂಗ್' ಟಿವಿ ಶೋನಲ್ಲಿ 2020ರಲ್ಲಿ ಒಲಿಂಪಿಕ್ ಬಾಕ್ಸರ್ ನಿಕೋಲಾ ಆಡಮ್ಸ್ ಮತ್ತು ಕಾತ್ಯಾ ಜೋನ್ಸ್ ಇಬ್ಬರು ಹೆಂಗಸರ ಮೊದಲ ಜೋಡಿಯಾಗಿ ಬಂದರು. ಮರುವರ್ಷ ಜಾನ್ ವೇಟ್ ಮತ್ತು ಯೋಹಾನಸ್ ರಾಡೆಬೆ ಜೋಡಿ ಫೈನಲ್‌ವರೆಗೆ ಹೋಯ್ತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಕೆನಡಾದ ಟ್ರೆವರ್ ಕಾಪ್ ಮತ್ತು ಜೆಫ್ ಫಾಕ್ಸ್. ಅವರ ಟೆಡ್ ಟಾಕ್ ಆನ್‌ಲೈನ್‌ನಲ್ಲಿದೆ, ಹುಡುಕಿ ನೋಡಿ. ಅವರು ಒಂದೇ ಹಾಡಿನ ಮಧ್ಯದಲ್ಲೇ ಲೀಡ್ ಬದಲಾಯಿಸ್ತಾರೆ. ಇದಕ್ಕೆ 'ಲಿಕ್ವಿಡ್ ಲೀಡ್' ಅಂತ ಹೆಸರಿಟ್ಟಿದ್ದಾರೆ. ಇಬ್ಬರು ಮಾತಾಡುವಾಗ ಒಬ್ಬರೇ ಮಾತಾಡ್ತಾ ಇರಲ್ಲ ಅಲ್ವಾ, ಹಾಗೇ ಇದು.

ನಕ್ಕವರಲ್ಲಿ ನಾನೂ ಇದ್ದೆ

ಈಗ ನನ್ನ ಕಥೆ. ಹೋದ ವರ್ಷ ಒಂದು ಸೋಶಿಯಲ್ ರಾತ್ರಿ ಹೆಂಗಸರೇ ಜಾಸ್ತಿ ಇದ್ದರು. ಸುಮಾರು ಹೊತ್ತು ಕೂತೇ ಇದ್ದೆ. ಕಾಲು ಕುಣೀತಿತ್ತು, ಕರೆಯೋರಿಲ್ಲ. ಆಗ ಒಬ್ಬ ಸೀನಿಯರ್ ಅಕ್ಕ ಬಂದು "ಬಾ, ನಿಂಗೆ ಲೀಡ್ ಹೇಳ್ಕೊಡ್ತೀನಿ" ಅಂದರು. ಮೊದಲ ವಾರ ಎಡಗಾಲು ಬಲಗಾಲು ಎಲ್ಲ ಗಲಿಬಿಲಿ. ಎರಡು ತಿಂಗಳಲ್ಲಿ ಬಂತು. ಎಲ್ಲರೂ "ಸೂಪರ್, ಏನ್ ಧೈರ್ಯ" ಅಂತ ಹೊಗಳಿದರು.

ಅದೇ ಗುಂಪಲ್ಲಿ ನನ್ನ ಗೆಳೆಯ ಒಬ್ಬ ಇದ್ದ. ಅವನಿಗೂ ಆಸೆ ಆಯ್ತು. "ನಾನು ಫಾಲೋ ಕಲೀತೀನಿ, ನೀನು ಲೀಡ್ ಮಾಡು" ಅಂದ. ಫ್ಲೋರ್ ಮೇಲೆ ಅವನನ್ನ ಒಂದು ಸುತ್ತು ತಿರುಗಿಸಿದೆ. ಸುತ್ತ ಇದ್ದವರು ಕಿಸಕ್ ಅಂತ ನಕ್ಕರು. ಯಾರೋ "ಏನಮ್ಮಾ, ಸೀರೆ ಎಲ್ಲಿ?" ಅಂದರು. ಕೈ ಹಿಡ್ಕೊಂಡೇ ನಾನೂ ನಕ್ಕೆ. ಅವನೂ ನಕ್ಕ. ಆದರೆ ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಕೇಳಿದಾಗ "ಆಫೀಸ್ ಕೆಲಸ" ಅಂದ.

ಆಮೇಲೆ ಯೋಚಿಸಿದೆ. ನಾನು ಲೀಡ್ ಮಾಡಿದರೆ ಚಪ್ಪಾಳೆ, ಅವನು ಫಾಲೋ ಮಾಡಿದರೆ ನಗು. ಯಾಕೆ? ಹೆಣ್ಣು ಗಂಡಿನ ಕೆಲಸ ಮಾಡಿದರೆ ಪ್ರಮೋಷನ್, ಗಂಡು ಹೆಣ್ಣಿನ ಕೆಲಸ ಮಾಡಿದರೆ ಡಿಮೋಷನ್ ಅಂತ ನಮ್ಮ ತಲೆಯಲ್ಲಿ ಕೂತಿದೆ. ಅಂದ್ರೆ ಮೂರು ವರ್ಷ ನಾನು ಕಷ್ಟಪಟ್ಟು ಕಲಿತ ಫಾಲೋ ಕೀಳು ಅಂತ ನಾವೇ ಒಪ್ಕೊಂಡ ಹಾಗಾಯ್ತು. ಅವತ್ತು ನಾನು ನಕ್ಕಿದ್ದು ಅವನನ್ನ ನೋಡಿ ಮಾತ್ರ ಅಲ್ಲ, ನನ್ನನ್ನೇ ನೋಡಿ.

ನೀವು ಶುರು ಮಾಡೋದಾದ್ರೆ

ಹಳೇ ಪಾತ್ರಗಳೇ ಇಷ್ಟ ಅನ್ನೋರು ಹಾಗೇ ಮಾಡಲಿ, ತಪ್ಪಿಲ್ಲ. ಆಯ್ಕೆ ಇರಬೇಕು, ಅಷ್ಟೇ. ಕ್ಲಾಸ್ ನಡೆಸೋರು "ಗಂಡಸರು, ಹೆಂಗಸರು" ಅನ್ನೋ ಬದಲು "ಲೀಡ್ಸ್, ಫಾಲೋಸ್" ಅಂದರೆ ಅರ್ಧ ಕೆಲಸ ಆಯ್ತು. ಕುಣಿಯೋಕೆ ಕರೆಯುವಾಗ "ಲೀಡಾ, ಫಾಲೋನಾ?" ಅಂತ ಒಂದು ಮಾತು ಕೇಳಿ. ಬೇಡ ಅಂದರೆ ಬೇಡ, ಕಾರಣ ಕೇಳಬೇಡಿ. ಎರಡನ್ನೂ ಸ್ವಲ್ಪ ಕಲೀರಿ. ಲೀಡ್ ಕಲಿತ ಮೇಲೆ ನನ್ನ ಫಾಲೋ ಸುಧಾರಿಸಿತು, ಎದುರಿನವರಿಗೆ ಏನು ಕಷ್ಟ ಅಂತ ಗೊತ್ತಾಯ್ತು. ಮತ್ತೆ ಯಾರಾದರೂ ಹೊಸದಾಗಿ ಪಾತ್ರ ಬದಲಿಸಿ ಫ್ಲೋರ್‌ಗೆ ಬಂದರೆ, ದಯವಿಟ್ಟು ನಗಬೇಡಿ.

ಈ ಎಪಿಸೋಡ್‌ನ ಲಿಂಕ್ ನಾನು ಮೊದಲು ಕಳಿಸೋದು ಆ ಗೆಳೆಯನಿಗೆ. ಸಾರಿ ಕಣೋ. ಭಾನುವಾರ ಬಾ. ಈ ಸಲ ಯಾರು ಲೀಡ್ ಅಂತ ನೀನೇ ಹೇಳು.

ಮುಂದಿನ ವಾರ ಸಿಗೋಣ. ನಮಸ್ಕಾರ.