ತೆರೆಯನ್ನು ಒರೆಸುವ ಮುನ್ನ

ಆಯುಧಪೂಜೆಯ ದಿನ ನಮ್ಮ ಮನೆಗಳಲ್ಲಿ ಕತ್ತಿ, ಕುಡುಗೋಲು, ಹೊಲಿಗೆಯಂತ್ರ, ವಾಹನಗಳನ್ನೆಲ್ಲ ತೊಳೆದು, ಅರಿಸಿನ ಕುಂಕುಮಗಳನ್ನಿಟ್ಟು ಹೂವೇರಿಸುವುದು ವಾಡಿಕೆ. ಆ ಸಾಲಿನಲ್ಲಿ ಈಗ ಗಣಕಯಂತ್ರಕ್ಕೂ ಸ್ಥಾನ ದೊರೆತಿದೆ. ವಿದ್ಯಾರ್ಥಿಯ ಪಾಲಿಗೆ ಅದೂ ಆಯುಧವೇ ತಾನೆ! ಆದರೆ ಕುಡುಗೋಲನ್ನು ತೊಳೆದ ಉತ್ಸಾಹದಿಂದಲೇ ಗಣಕದ ತೆರೆಯನ್ನೂ ತೊಳೆಯಹೊರಟರೆ, ಪೂಜೆಯ ದಿನವೇ ಅದರ ಕೊನೆಯ ದಿನವಾದೀತು. ಒಮ್ಮೆ ಗೀರು ಬಿದ್ದ ಅಥವಾ ಒಳಗೆ ನೀರು ಹೊಕ್ಕ ತೆರೆಯನ್ನು ಮನೆಯಲ್ಲಿ ಸರಿಪಡಿಸುವಂತಿಲ್ಲ; ಸಾಮಾನ್ಯವಾಗಿ ಇಡೀ ಫಲಕವನ್ನೇ ಬದಲಾಯಿಸಬೇಕು. ಅದರ ಬೆಲೆ ಅಲ್ಪವಲ್ಲ. ಮನೆಗೆಲ್ಲ ಒಂದೇ ಯಂತ್ರವಿದ್ದಲ್ಲಿ ಅಷ್ಟು ದಿನ ಓದೂ ನಿಂತಂತೆಯೇ. ಆದುದರಿಂದ ಈ ಸಣ್ಣ ಕೆಲಸದ ಹಿಂದಿರುವ ವಿಜ್ಞಾನವನ್ನು ಅರಿತುಕೊಳ್ಳುವುದು ಲೇಸು.

ತೆರೆಯನ್ನು ಬರಿಯ ಗಾಜೆಂದು ಭಾವಿಸುವುದೇ ಮೊದಲನೆಯ ತಪ್ಪು. ಹಿಂದಿನ ಗಣಕಗಳಲ್ಲಿ ಕ್ಯಾಥೋಡ್ ಕಿರಣ ನಳಿಗೆಯಿರುತ್ತಿತ್ತು. ಅದರ ಒಳಗೆ ನಿರ್ವಾತ. ಹೊರಗಿನ ವಾಯುವಿನ ಒತ್ತಡವನ್ನು ತಾಳಲೆಂದು ಅದರ ಮುಖವನ್ನು ದಪ್ಪ ಗಾಜಿನಿಂದ ಮಾಡುತ್ತಿದ್ದರು. ಇಂದಿನ ಬಹುಪಾಲು ತೆರೆಗಳ ರಚನೆಯೇ ಬೇರೆ. ಅವುಗಳ ಜೀವಾಳ ದ್ರವಸ್ಫಟಿಕ. ೧೮೮೮ರಲ್ಲಿ ಫ್ರೀಡ್ರಿಶ್ ರೈನಿಟ್ಸರ್ ಎಂಬ ಆಸ್ಟ್ರಿಯದ ಸಸ್ಯವಿಜ್ಞಾನಿಯು ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದಾಗ, ಅದು ಮೊದಲು ಕರಗಿ ಮಬ್ಬಾದ ದ್ರವವಾಗಿ, ಇನ್ನಷ್ಟು ಕಾಯಿಸಿದ ಮೇಲೆ ತಿಳಿಯಾದುದನ್ನು ಕಂಡನು. ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ. ಅದು ದ್ರವದಂತೆ ಹರಿಯುತ್ತದೆ. ಆದರೂ ಅದರ ಅಣುಗಳು ಹರಳಿನಲ್ಲಿರುವಂತೆ ಒಂದು ಕ್ರಮವನ್ನು ಕಾಯ್ದುಕೊಳ್ಳುತ್ತವೆ.

ಇಂಥ ದ್ರವವನ್ನು ಎರಡು ತೆಳು ಗಾಜಿನ ಹಲಗೆಗಳ ನಡುವೆ ಹರಡಿರುತ್ತಾರೆ. ಆ ನಡುವಿನ ಅಂತರ ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗಗಳಷ್ಟು. ಬೆರಳಿನಿಂದ ಒತ್ತಿದಾಗ ಬಣ್ಣಗಳು ಅಲೆಯಂತೆ ಕದಲುವುದು ಈ ಅಂತರ ಕುಗ್ಗುವುದರಿಂದಲೇ. ಗಾಜಿನ ಹೊರಮೈಗೆ ಬೆಳಕನ್ನು ಧ್ರುವೀಕರಿಸುವ ಪ್ಲಾಸ್ಟಿಕಿನ ಹಾಳೆಯನ್ನು ಅಂಟಿಸಿರುತ್ತಾರೆ. ಹೊಳಪಿಲ್ಲದ ತೆರೆಗಳಲ್ಲಿ ನಮ್ಮ ಬಟ್ಟೆ ತಗಲುವುದು ಗಾಜಿಗಲ್ಲ, ಈ ಹಾಳೆಯ ಮೇಲಿನ ನವುರಾದ ಲೇಪಕ್ಕೆ. ಸ್ಪರ್ಶದಿಂದ ಕೆಲಸಮಾಡುವ ತೆರೆಗಳಿಗೆ ಮೇಲೊಂದು ಗಾಜಿನ ಹೊದಿಕೆಯುಂಟು. ಆದರೆ ಅದರ ಮೇಲೂ ಎಣ್ಣೆಯ ಜಿಡ್ಡು ಹಿಡಿಯದಿರಲೆಂದು ಅತಿ ತೆಳುವಾದ ಲೇಪವನ್ನು ಹಚ್ಚಿರುವುದುಂಟು.

ಇನ್ನು ಧೂಳಿನ ವಿಚಾರ. ಜರ್ಮನಿಯ ಫ್ರೀಡ್ರಿಶ್ ಮೋಸ್ ೧೮೧೨ರಲ್ಲಿ ಖನಿಜಗಳ ಕಾಠಿಣ್ಯವನ್ನು ೧ರಿಂದ ೧೦ರವರೆಗಿನ ಶ್ರೇಣಿಯಲ್ಲಿ ಜೋಡಿಸಿದನು. ಅದರಲ್ಲಿ ವಜ್ರಕ್ಕೆ ೧೦, ಬೆಣಚುಕಲ್ಲಿಗೆ ೭. ಸಾಮಾನ್ಯ ಗಾಜಿನ ಕಾಠಿಣ್ಯ ೫ರಿಂದ ೬ರವರೆಗೆ; ಪ್ಲಾಸ್ಟಿಕು ಅದಕ್ಕಿಂತ ಬಹಳ ಮೃದು. ದಕ್ಷಿಣ ಕರ್ನಾಟಕದ ಬಂಡೆಗಳಲ್ಲಿ ಬೆಣಚು ಹೇರಳವಾಗಿದೆ. ಅವು ಸವೆದು ಆದ ಮರಳಿನ ಕಣಗಳು ಬೀದಿಯ ಧೂಳಿನೊಡನೆ ಮನೆಯೊಳಕ್ಕೂ ಬರುತ್ತವೆ. ಕನ್ನಡಕವನ್ನು ಪಂಚೆಯ ಅಂಚಿನಿಂದಲೋ ಸೀರೆಯ ಸೆರಗಿನಿಂದಲೋ ತಿಕ್ಕುವ ಹಾಗೆ ಧೂಳು ಕುಳಿತ ತೆರೆಯನ್ನು ಒತ್ತಿ ತಿಕ್ಕಿದರೆ ಆ ಬಟ್ಟೆಯೇ ಮರಳುಕಾಗದವಾಗುತ್ತದೆ. ಬೆಳ್ಳಿಯನ್ನು ಬೆಳಗುವ ವಿಭೂತಿ, ಗೀರು ಮಾಯುವುದೆಂದು ಕೆಲವರು ಹಚ್ಚುವ ಹಲ್ಲುಜ್ಜುವ ಪೇಸ್ಟು, ಇವೆರಡೂ ಉಜ್ಜುವ ಪುಡಿಗಳೇ. ಇವನ್ನು ತೆರೆಯ ಬಳಿಗೆ ತರಲೇಬಾರದು.

ದ್ರವಗಳಲ್ಲಿಯೂ ವಿವೇಚನೆ ಬೇಕು. ಕಿಟಕಿಯ ಗಾಜಿಗೆಂದು ಮಾರುವ ಕೆಲವು ದ್ರವಗಳಲ್ಲಿರುವ ಅಮೋನಿಯವೂ, ಉಗುರುಬಣ್ಣ ತೆಗೆಯುವ ದ್ರವದಲ್ಲಿರುವ ಅಸಿಟೋನೂ ಲೇಪವನ್ನು ಕೆಡಿಸಬಲ್ಲುವು. ಐಸೊಪ್ರೊಪೈಲ್ ಆಲ್ಕೊಹಾಲನ್ನು ಕೆಲವು ತಯಾರಕರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಯಂತ್ರದ ಜೊತೆಗೆ ಬಂದ ಕೈಪಿಡಿಯ ಮಾತೇ ಇಲ್ಲಿ ಪ್ರಮಾಣ. ಸಂದೇಹವಿದ್ದರೆ ನೀರೊಂದೇ ಸಾಕು. ಆದರೆ ಕೊಳವೆಬಾವಿಯ ಗಡಸುನೀರು ಆರಿದಾಗ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿಯ ಕಲೆಗಳಾಗಿ ಉಳಿಯುತ್ತವೆ. ಆದುದರಿಂದ ಬಟ್ಟಿಯಿಳಿಸಿದ ನೀರು ಮೇಲು.

ಬಟ್ಟೆಗಳಲ್ಲಿ ಮೈಕ್ರೋಫೈಬರ್ ಶ್ರೇಷ್ಠವಾದುದು. ಇದರ ಎಳೆ ಎಷ್ಟು ನವುರೆಂದರೆ, ೯೦೦೦ ಮೀಟರ್ ಉದ್ದದ ಎಳೆಯೂ ಒಂದು ಗ್ರಾಮಿಗಿಂತ ಕಡಿಮೆ ತೂಗುತ್ತದೆ. ನೀರಿನಲ್ಲಿ ಕರಗದ ಬೆರಳಿನ ಜಿಡ್ಡನ್ನು ಈ ಸೂಕ್ಷ್ಮ ಎಳೆಗಳು ಎತ್ತಿಕೊಳ್ಳುತ್ತವೆ. ಅದು ದೊರೆಯದಿದ್ದಲ್ಲಿ, ಗಂಜಿಯಿಲ್ಲದ, ಅನೇಕ ಬಾರಿ ಒಗೆದು ಮೆತ್ತಗಾದ ಶುಭ್ರವಾದ ಹತ್ತಿಬಟ್ಟೆ ಆದೀತು. ಕಾಗದ ಬೇಡ.

ಈಗ ಕ್ರಮವನ್ನು ನೋಡೋಣ. ಮೊದಲು ಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಕಳಚಿ, ತೆರೆ ತಣಿಯಲು ಬಿಡಿರಿ. ಕಪ್ಪಾದ ತೆರೆಯಲ್ಲಿ ಕೊಳೆ ಚೆನ್ನಾಗಿ ಕಾಣುತ್ತದೆ. ಬೆಚ್ಚಗಿನ ತೆರೆಯ ಮೇಲೆ ನೀರು ಬೇಗನೆ ಆರಿ ಗೆರೆ ಬೀಳುತ್ತದೆ. ಅನಂತರ ರಬ್ಬರಿನ ಊದುಬುರುಡೆಯಿಂದಲೋ ಮೆತ್ತನೆಯ ಕುಂಚದಿಂದಲೋ ಧೂಳನ್ನು ಸರಿಸಿರಿ. ಬಾಯಿಂದ ಊದಿದರೆ ಎಂಜಲಿನ ಹನಿ ಸಿಡಿಯುತ್ತದೆ. ಬಳಿಕ ಬಟ್ಟೆಯ ಒಂದು ಮೂಲೆಯನ್ನು ನೀರಿನಲ್ಲಿ ಅದ್ದಿ, ಹನಿ ತೊಟ್ಟಿಕ್ಕದಂತೆ ಚೆನ್ನಾಗಿ ಹಿಂಡಿ, ಮೇಲಿನಿಂದ ಕೆಳಕ್ಕೆ ಹಗುರವಾಗಿ ಎಳೆಯಿರಿ. ಮಡಿಚುವ ಗಣಕವಾದರೆ ಇನ್ನೊಂದು ಕೈಯಿಂದ ಹಿಂಬದಿಗೆ ಆಸರೆ ಕೊಡಿರಿ. ಕಲೆ ಹೋಗದಿದ್ದರೆ ಮತ್ತೊಮ್ಮೆ ಒರೆಸಿರಿ; ಒತ್ತಡವನ್ನು ಮಾತ್ರ ಹೆಚ್ಚಿಸದಿರಿ. ಕೊನೆಗೆ ಒಣಭಾಗದಿಂದ ಒರೆಸಿ, ತೇವವೆಲ್ಲ ಆರಿದ ಮೇಲೆಯೇ ಯಂತ್ರವನ್ನು ಹಚ್ಚಿರಿ.

ನೀರನ್ನು ತೆರೆಯ ಮೇಲೆಯೇ ಏಕೆ ಸಿಂಪಡಿಸಬಾರದು? ಹನಿಗಳು ಜಾರಿ ಕೆಳಗಿನ ಅಂಚನ್ನು ಸೇರುತ್ತವೆ. ದೀಪದ ಬತ್ತಿಯಲ್ಲಿ ಎಣ್ಣೆಯನ್ನು ಮೇಲಕ್ಕೆಳೆಯುವ ಲೋಮಾಕರ್ಷಣೆಯೇ ಅಲ್ಲಿಯ ಸಣ್ಣ ಸಂದಿನೊಳಕ್ಕೂ ನೀರನ್ನು ಎಳೆಯುತ್ತದೆ. ತೆರೆಗೆ ಸಂಕೇತಗಳನ್ನು ಒಯ್ಯುವ ನವುರಾದ ವಿದ್ಯುತ್ ಜೋಡಣೆಗಳು ಇರುವುದು ಇಂಥ ಅಂಚುಗಳಲ್ಲಿಯೇ. ಒಂದೆರಡು ಹನಿಗಳೇ ಅವನ್ನು ಕೆಡಿಸಲು ಸಾಕು.

ಹಾಗಾದರೆ ಆಯುಧಪೂಜೆಯ ಕುಂಕುಮವನ್ನು ಎಲ್ಲಿಡಬೇಕು? ಅರಿಸಿನದ ಬಣ್ಣ ನೀರಿನಲ್ಲಿ ಕರಗುವುದು ಬಲು ಕಡಿಮೆ. ಪ್ಲಾಸ್ಟಿಕಿಗೆ ಹತ್ತಿದರೆ ಸುಲಭವಾಗಿ ಬಿಡುವುದೂ ಇಲ್ಲ. ಗಣಕವನ್ನಿಟ್ಟ ಮೇಜಿಗೇ ಆ ಬೊಟ್ಟನ್ನಿಟ್ಟು, ಹೂವನ್ನು ಪಕ್ಕದಲ್ಲಿರಿಸಿದರೆ ಪೂಜೆಗೂ ಕೊರತೆಯಿಲ್ಲ, ತೆರೆಗೂ ಕೇಡಿಲ್ಲ. ಆಯುಧದ ಗುಣವನ್ನರಿತು ಅದನ್ನು ಕಾಪಾಡುವುದೂ ಪೂಜೆಯ ಒಂದು ಭಾಗವೇ ಅಲ್ಲವೆ?