ನೋಡಿದ್ದೆಲ್ಲ ವಿದ್ಯೆಯಾದೀತೆ?

ಪುಣೆಯ ಶಿವಾಜಿನಗರದಲ್ಲಿರುವ ಇಂಜಿನಿಯರಿಂಗ್ ಕಾಲೇಜಿನ ಇತಿಹಾಸ 1854ರಷ್ಟು ಹಿಂದಿನದು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಓದಲು ಬಂದುದು ಈ ಸಂಸ್ಥೆಗೇ. 1883ರ ಎಲ್.ಸಿ.ಇ. ಪರೀಕ್ಷೆಯಲ್ಲಿ ಅವರು ಪ್ರಥಮರಾಗಿ ತೇರ್ಗಡೆಯಾದರು. ಒಳ್ಳೆಯ ಉಪನ್ಯಾಸವೊಂದನ್ನು ಕೇಳಬೇಕಾದರೆ ಊರನ್ನೂ ತಾಯಿಯನ್ನೂ ಬಿಟ್ಟು ಬರಬೇಕಾಗಿದ್ದ ಕಾಲವದು.

ಇಂದು ಅಂತಹ ಉಪನ್ಯಾಸ ಅಂಗೈಯಲ್ಲಿರುವ ಫೋನಿಗೇ ಬರುತ್ತದೆ, ಅದಕ್ಕೆ ಶುಲ್ಕವಿಲ್ಲ. ಯಾದಗಿರಿ, ಕಲಬುರಗಿ, ವಿಜಯಪುರಗಳಿಂದ ಕಟ್ಟಡದ ಕೆಲಸವನ್ನರಸಿ ಪುಣೆಗೆ ಬಂದ ಕುಟುಂಬಗಳಿಗೆ ಇದು ಸಾಮಾನ್ಯ ಸೌಕರ್ಯವಲ್ಲ. ಖಾಸಗಿ ತರಗತಿಗಳಿಗೆ ಹಣ ತೆರಲಾರದ ಮನೆಯ ಮಗು ಮುಂದಿನ ತರಗತಿಗೆ ಹೋಗುವುದೋ, ಶಾಲೆ ಬಿಟ್ಟು ಕೂಲಿಗೆ ಇಳಿಯುವುದೋ ಎಂಬುದು ಎಷ್ಟೋ ವೇಳೆ ಗಣಿತದ ಒಂದೆರಡು ಅಧ್ಯಾಯಗಳ ಮೇಲೆ ನಿಂತಿರುತ್ತದೆ. ಆದರೆ ಪಾಠವನ್ನು ನೋಡಿದ ಮಾತ್ರಕ್ಕೆ ಅದನ್ನು ಕಲಿತಂತಾಗುವುದೇ? ವಿಚಾರ ಮಾಡಬೇಕಾದ ಪ್ರಶ್ನೆ ಇದು.

ದೃಶ್ಯಪಾಠ ನಡೆದು ಬಂದ ದಾರಿ

ದೃಶ್ಯಪಾಠ ಕನ್ನಡಿಗರಿಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ತಲುಪಿಸಿದ 'ಸೈಟ್' ಪ್ರಯೋಗದಲ್ಲಿ ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳೂ ಸೇರಿದ್ದವು. 1984ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ದೂರದರ್ಶನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಪಾಠಗಳನ್ನು ಆರಂಭಿಸಿತು. ಅವುಗಳನ್ನು ತಯಾರಿಸಿದ ಕೇಂದ್ರಗಳಲ್ಲಿ ಪುಣೆ ವಿಶ್ವವಿದ್ಯಾಲಯದ್ದೂ ಒಂದು.

ಆ ಪಾಠಗಳಿಗೆ ಒಂದು ಮಿತಿಯಿತ್ತು. ಟೆಲಿವಿಷನ್ ಯಾರಿಗಾಗಿಯೂ ನಿಲ್ಲುತ್ತಿರಲಿಲ್ಲ. ಒಂದು ಮಾತು ತಪ್ಪಿದರೆ ತಪ್ಪಿಯೇ ಹೋಯಿತು. ಅಂತರ್ಜಾಲವು ಈ ಕೊರತೆಯನ್ನು ನೀಗಿಸಿತು. 2001ರಲ್ಲಿ ಅಮೆರಿಕದ ಎಂ.ಐ.ಟಿ. ತನ್ನ ಪಾಠಸಾಮಗ್ರಿಯನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡುವುದಾಗಿ ಸಾರಿತು. ಭಾರತದಲ್ಲಿ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಎನ್.ಪಿ.ಟಿ.ಇ.ಎಲ್. ಯೋಜನೆಯನ್ನು ಕೈಗೊಂಡವು. 2017ರಲ್ಲಿ 'ಸ್ವಯಂ' ಬಂದಿತು. ಇವೆರಡರಲ್ಲಿಯೂ ಪಾಠಗಳು ಉಚಿತ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ತೆತ್ತು ಪರೀಕ್ಷೆಗೆ ಕೂರಬೇಕು. ಕಾಲೇಜು ಒಪ್ಪಿದಲ್ಲಿ ಒಂದು ಸೆಮಿಸ್ಟರಿನ ಶೇಕಡ 40ರವರೆಗಿನ ಪಾಠಗಳನ್ನು 'ಸ್ವಯಂ' ಮೂಲಕ ಓದಲು ಆಯೋಗದ 2021ರ ನಿಯಮಗಳು ಅವಕಾಶ ನೀಡಿವೆ.

ಕನ್ನಡದಲ್ಲಿ ದೊರೆಯುವುದು

ಮುಂಬಯಿ ಐ.ಐ.ಟಿ.ಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯು ಕಂಪ್ಯೂಟರ್ ವಿದ್ಯೆಯನ್ನು ಸುಮಾರು ಹತ್ತು ನಿಮಿಷಗಳ ಪಾಠಗಳಾಗಿ ವಿಂಗಡಿಸಿ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಧ್ವನಿ ನೀಡಿದೆ. ಶಿವಾಜಿನಗರದಿಂದ ಹೆಚ್ಚು ದೂರವಲ್ಲದ ಗಣೇಶಖಿಂಡದಲ್ಲಿ 'ಅಯುಕಾ' ಎಂಬ ಖಗೋಳ ವಿಜ್ಞಾನ ಕೇಂದ್ರವಿದೆ. ಅಲ್ಲಿನ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಬಹುಕಾಲ ದುಡಿದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ, ಹಳೆಯ ಪತ್ರಿಕೆ, ಖಾಲಿ ಬಾಟಲಿಗಳಿಂದ ವಿಜ್ಞಾನದ ಆಟಿಕೆಗಳನ್ನು ಮಾಡಿ ತೋರಿಸುವ ಕಿರುಚಿತ್ರಗಳು ಕನ್ನಡದಲ್ಲಿಯೂ ಇವೆ. ಇವರ ಸೇವೆಗೆ 2018ರಲ್ಲಿ ಪದ್ಮಶ್ರೀ ಗೌರವ ಸಂದಿತು.

ಶಾಲೆಯ ಮಾಧ್ಯಮ ಮರಾಠಿಯಾದರೂ ಕನ್ನಡದ ಪಾಠ ವ್ಯರ್ಥವಾಗುವುದಿಲ್ಲ. ಎರಡೂ ಭಾಷೆಗಳ ಶಾಸ್ತ್ರೀಯ ಪದಗಳು ಬಹುಪಾಲು ಸಂಸ್ಕೃತದಿಂದ ಬಂದವು. ನಮ್ಮ ಗುರುತ್ವಾಕರ್ಷಣೆಯೇ ಅಲ್ಲಿನ ಗುರುತ್ವಾಕರ್ಷಣ. ನಮ್ಮ ದ್ಯುತಿಸಂಶ್ಲೇಷಣೆಯು ಅಲ್ಲಿ ಪ್ರಕಾಶಸಂಶ್ಲೇಷಣ. ಮನೆಮಾತಿನಲ್ಲಿ ಅರ್ಥ ತಿಳಿದ ಮೇಲೆ ಶಾಲೆಯ ಪದವನ್ನು ಅದರ ಪಕ್ಕದಲ್ಲಿ ಬರೆದುಕೊಂಡರಾಯಿತು. ಇದರಿಂದ ಇನ್ನೊಂದು ಲಾಭವೂ ಉಂಟು: ಮರಾಠಿ ಪುಸ್ತಕವನ್ನು ಓದಲಾರದ ತಾಯಿಯೂ ಮಗುವಿನ ಜೊತೆ ಕುಳಿತು ಪಾಠ ಕೇಳಬಲ್ಲಳು.

ತಿಳಿಯಿತೆಂಬ ಭ್ರಮೆ

ಉತ್ತಮ ಉಪನ್ಯಾಸಕರು ಕಠಿನ ವಿಷಯವನ್ನೂ ಸರಾಗವಾಗಿ ವಿವರಿಸುತ್ತಾರೆ. ಆ ಸರಾಗವನ್ನು ನೋಡುಗನು ತನ್ನದೇ ಎಂದು ಭಾವಿಸುತ್ತಾನೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ಅದು ದೃಶ್ಯಪಾಠದ ಮೇಲಲ್ಲ, ಓದಿನ ಮೇಲೆ ನಡೆದದ್ದು. ಒಂದು ಗುಂಪಿನವರು ಪಾಠವನ್ನು ನಾಲ್ಕು ಅವಧಿ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿ ಓದಿ, ಉಳಿದ ಮೂರು ಅವಧಿ ಪುಸ್ತಕ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು: ಶೇಕಡ 83ಕ್ಕೆ ಎದುರಾಗಿ 71. ಒಂದು ವಾರದ ನಂತರ ಫಲ ತಿರುಗುಮುರುಗಾಯಿತು. ಓದಿದವರಲ್ಲಿ ಉಳಿದದ್ದು ಶೇಕಡ 40, ಬರೆದವರಲ್ಲಿ 61. ಪಾಠವನ್ನು ಮತ್ತೆ ಮತ್ತೆ ನೋಡುವವರಿಗೂ ಈ ಎಚ್ಚರಿಕೆ ಸಲ್ಲುತ್ತದೆ.

ಅನುಸರಿಸಬೇಕಾದ ಕ್ರಮ

ಒಂದು ಬಾರಿಗೆ ಒಂದೇ ವಿಷಯವನ್ನು ಆರಿಸಿಕೊಳ್ಳಬೇಕು. ಕೈಯಲ್ಲಿ ಪೆನ್ಸಿಲ್, ಎದುರಿಗೆ ನೋಟ್‌ಬುಕ್ ಇರಬೇಕು. ಐದಾರು ನಿಮಿಷಗಳಿಗೊಮ್ಮೆ ಪಾಠವನ್ನು ನಿಲ್ಲಿಸಿ, ಕೇಳಿದ್ದನ್ನು ಸ್ವಂತ ಮಾತಿನಲ್ಲಿ ಬರೆಯಬೇಕು. ಉಪನ್ಯಾಸಕರು ಲೆಕ್ಕವನ್ನು ಬಿಡಿಸುವ ಮೊದಲೇ ತಾನು ಬಿಡಿಸಲು ಯತ್ನಿಸಬೇಕು. ಅಲ್ಲಿ ತಪ್ಪಿದರೆ ನಷ್ಟವಿಲ್ಲ. ಮರುದಿನವೂ ವಾರದ ಕೊನೆಯಲ್ಲೂ ನೋಟ್‌ಬುಕ್ ತೆರೆಯದೆ ನೆನಪಿಸಿಕೊಳ್ಳಬೇಕು. ಪರಿಹಾರವಾಗದ ಸಂದೇಹಗಳನ್ನು ಪಟ್ಟಿಮಾಡಿ ಶಾಲೆಯ ಗುರುಗಳ ಬಳಿಗೆ ಒಯ್ಯಬೇಕು. ಪರದೆಯ ಗುರು ಎಷ್ಟೇ ಪಂಡಿತನಾಗಿರಲಿ, ಶಿಷ್ಯನ ಮುಖದಲ್ಲಿನ ಗೊಂದಲವನ್ನು ಅವನು ಕಾಣಲಾರ.

ಕಣ್ಣು ಮತ್ತು ನಿದ್ರೆ

ಪರದೆಯನ್ನು ನೋಡುವಾಗ ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಆದ್ದರಿಂದ 20 ನಿಮಿಷಗಳಿಗೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ಹಿತಕರ. ಫೋನನ್ನು ಮಡಿಲಲ್ಲಿಟ್ಟು ಕತ್ತು ಬಗ್ಗಿಸಿ ನೋಡುವ ಬದಲು ಪುಸ್ತಕಗಳ ಮೇಲೆ ಆನಿಸಿ ಎತ್ತರಿಸಿಡಬೇಕು. ಹದಿವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ಕಲಿತದ್ದು ನೆನಪಿನಲ್ಲಿ ನೆಲೆಯೂರಲು ನಿದ್ರೆ ನೆರವಾಗುವುದರಿಂದ, ನಡುರಾತ್ರಿಯವರೆಗೆ ಪಾಠ ನೋಡುವುದು ಎಡಗೈಯಲ್ಲಿ ಕೊಟ್ಟು ಬಲಗೈಯಲ್ಲಿ ಕಸಿದುಕೊಂಡಂತೆ.

ಫೋನು ಒಂದೇ ಇದ್ದು ಮಕ್ಕಳು ಮೂವರಿರುವ ಮನೆಗಳು ಮಹಾನಗರದಲ್ಲಿ ವಿರಳವಲ್ಲ. ಅಂತಹ ಮಕ್ಕಳಿಗಾಗಿ ಸಂಘ ಸಂಸ್ಥೆಗಳು ವಾರಕ್ಕೆ ಎರಡು ಸಂಜೆ ಒಂದು ಕೋಣೆ, ಒಂದು ಪರದೆ, ಪ್ರಶ್ನೆಗಳಿಗೆ ಉತ್ತರಿಸಬಲ್ಲ ಒಬ್ಬ ಪದವೀಧರ, ಇಷ್ಟನ್ನು ಒದಗಿಸಿದರೆ ಸಾಕು. ಉಪನ್ಯಾಸ ಉಚಿತವಾಗಿ ಬಂದಿದೆ. ಜೊತೆಗೆ ಕುಳಿತು "ಏನು ತಿಳಿಯಿತು, ಹೇಳು ಮಗು" ಎಂದು ಕೇಳುವ ಹಿರಿಯರನ್ನು ಮಾತ್ರ ಯಾವ ಯಂತ್ರವೂ ಕಳುಹಿಸಿಕೊಡುವುದಿಲ್ಲ.